ಅತ್ತೆಯ ಪಿತ್ತವೂ ನನ್ನ ಬೇಡವೂ

ನನಗೆ ಕಾಫಿ ಸೇರುವುದಿಲ್ಲ. ಇಷ್ಟು ಸಣ್ಣ ಸತ್ಯವನ್ನು ತುಮಕೂರು ಸೀಮೆಯಲ್ಲಿ ನಂಬಿಸುವುದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು, ಅದರಲ್ಲೂ ನನ್ನ ಕುಣಿಗಲ್ ಸೋದರತ್ತೆಯನ್ನು ಕಂಡವರು. ಮನೆಯಲ್ಲಿ ಲೋಟದ ಮೇಲೆ ಲೋಟ ಹೀರುವ ಆಕೆಗೆ ಕೆಲವರ ಹೊಸ್ತಿಲು ದಾಟಿದೊಡನೆ "ಕಾಫಿ ಆಗಲ್ಲ ಕಣಮ್ಮ, ಪಿತ್ತ!" ಜಾತಿ ವಿಚಾರಿಸಿಕೊಂಡು ಕೆರಳುವ ಇಂಥ ವಿವೇಕಶಾಲಿ ಪಿತ್ತವನ್ನು ಯಾವ ಪಂಡಿತರೂ ಕಂಡಿರಲಾರರು. ಕೊಡಬಂದವರಿಗೆ ಅದರ ಮೂಲ ಗೊತ್ತಿರುತ್ತಿತ್ತು. ಲೋಟವನ್ನು ಸುಮ್ಮನೆ ಒಳಗೆ ಒಯ್ಯುತ್ತಿದ್ದರು.

ಇಂಥ ವಂಶದ ಕುಡಿಯಾದ ನಾನು ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಕಾರ್ಖಾನೆಯ ಆಫೀಸು ಸೇರಿ, ಪ್ರಾಯಶ್ಚಿತ್ತಕ್ಕೋ ಹೊಟ್ಟೆಬಾಕತನಕ್ಕೋ, ಎಲ್ಲರ ಊಟದ ಡಬ್ಬಿಗೂ ಕೈಹಾಕುವವಳೆಂದು ಪ್ರಖ್ಯಾತಳಾದೆ. ಗುಬ್ಬಿಯಿಂದ ಬರುತ್ತಿದ್ದ ಸಹೋದ್ಯೋಗಿ ಸಿದ್ದರಾಜುವಿನ ಡಬ್ಬಿಯ ಹುರುಳಿಕಾಳಿನ ಬಸ್ಸಾರಂತೂ ನನಗೆ ಅಮೃತ. ಅವನ ಜಾತಿಯ ಕೇರಿಯಲ್ಲಿ ನಮ್ಮತ್ತೆ ನೀರನ್ನೂ ಮುಟ್ಟುತ್ತಿರಲಿಲ್ಲ.

ಆಫೀಸಿನವರೆಲ್ಲ ದೇವರಾಯನದುರ್ಗಕ್ಕೆ ಹೋದ ಒಂದು ಭಾನುವಾರ, ಉಳಿದವರು ಮುಂದೆ ಹತ್ತಿಹೋದಾಗ, ಸಿದ್ದರಾಜು ನನ್ನ ಕೈಹಿಡಿದು ಮುಖವನ್ನು ಹತ್ತಿರ ತಂದ. "ಬೇಡ ಕಣ್ರೀ" ಎಂದು ಕೈ ಬಿಡಿಸಿಕೊಂಡೆ. ತಕ್ಷಣ ಹಿಂದೆ ಸರಿದ, ನಿಜ. ಆದರೆ ಮುಖ ಕಪ್ಪಿಟ್ಟಿತು.

"ನಮ್ ಸಾರು ಆಯ್ತದೆ, ನಾನ್ ಆಗಲ್ವಾ? ಜಾತಿ ಅಂತ ತಾನೇ?"

ಅಪ್ಪನ ಕೋಪ, ಜಾತಕದ ದೋಷ, ಎಲ್ಲ ನೆಪಗಳೂ ನಾಲಿಗೆಯ ತುದಿಗೆ ಬಂದವು. ಅವೆಲ್ಲ ಅತ್ತೆಯ ಪಿತ್ತವೇ ಎಂದು ಹೊಳೆದು ನುಂಗಿಕೊಂಡೆ. ಇವನು ನಮ್ಮವನೇ ಆಗಿದ್ದರೆ ಏನನ್ನುತ್ತಿದ್ದೆ ಎಂದು ನನ್ನನ್ನೇ ಕೇಳಿಕೊಂಡೆ. ನಮ್ಮದೇ ಜಾತಿಯ ಎಂಜಿನಿಯರೊಬ್ಬ ಉಪ್ಪಿಟ್ಟು ತಿಂದು ನನ್ನನ್ನು ಒಪ್ಪಿಹೋದಾಗಲೂ ಇದೇ ಬೇಡವನ್ನು ಹೇಳಿ ಅಮ್ಮನನ್ನು ಅಳಿಸಿದ್ದೆನಲ್ಲ!

"ಜಾತಿ ಅಲ್ಲ ಕಣ್ರೀ. ನಂಗೆ ನಿಮ್ ಮೇಲೆ ಅಂಥ ಮನಸ್ಸಿಲ್ಲ, ಅಷ್ಟೇ."

ನೆಪವಿಲ್ಲದ ಬೇಡವೊಂದು ನಮ್ಮ ವಂಶದ ಬಾಯಿಂದ ಹೊರಟದ್ದು ಅದೇ ಮೊದಲಿರಬೇಕು. ಇಂದಿಗೂ ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಲೋಟ ಬೇರೆ ಇಡುವುದು ಅನ್ಯಾಯ, ನಾಚಬೇಕಾದದ್ದು. ಆದರೆ ನೀವೇ ಹೇಳಿ, ಬಂದವರಿಗೆಲ್ಲ ಸಮಾನವಾಗಿ ಬಾಗಿಲು ತೆರೆಯಲು ಮೈಯೇನು ಛತ್ರವೇ? ಹಾಗೆಂದು ಅವನನ್ನು ದೂರಲಾರೆ. ಹುಟ್ಟಿದಂದಿನಿಂದ ಪಿತ್ತದ ಕತೆಗಳನ್ನೇ ಕೇಳಿದವನಿಗೆ ನಿಜವಾದ ಬೇಡವೂ ಪಿತ್ತವಾಗಿಯೇ ಕೇಳಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಮರುದಿನ ಮಧ್ಯಾಹ್ನ ಅಳುಕುತ್ತಲೇ ಅವನೆದುರು ತಟ್ಟೆ ಹಿಡಿದೆ. ಡಬ್ಬಿಯ ಮುಚ್ಚಳ ತೆಗೆದು ಸಾರು ಬಡಿಸಿದ.

ಕೆಲವು ವರ್ಷಗಳ ನಂತರ, ಅವನ ಮದುವೆಯಾದ ಮೇಲೆ, ಗುಬ್ಬಿಯ ಅವನ ಮನೆಗೆ ಹೋಗಿದ್ದೆ. ಹೆಂಡತಿ ಹಬೆಯಾಡುವ ಕಾಫಿ ತಂದಳು. "ಬೇಡಮ್ಮ" ಎಂದೆ. ನನ್ನ ಜಾತಿ ಬಲ್ಲ ಆ ಹುಡುಗಿಯ ಮುಖ ಬಾಡಿ, ಲೋಟ ಒಳಗೆ ಹೋಗಲು ಸಿದ್ಧವಾಯಿತು. ನಾನು ಬಾಯಿ ತೆರೆಯುವ ಮೊದಲೇ ಸಿದ್ದರಾಜು ನಕ್ಕ.

"ಬುಡು, ಅವರು ಬೇಡ ಅಂದ್ರೆ ಬೇಡ ಅಂತ್ಲೇ ಅರ್ಥ. ಬಸ್ಸಾರ್ ಐತಲ್ಲ, ತಟ್ಟೆ ಹಾಕು."