ಚಿಕ್ಕವನೇ ಗೆಲ್ಲುತ್ತಿದ್ದ ಪಂದ್ಯಗಳು

ಕಾಫಿ ಹೊಟ್ಟಿನ ವಾಸನೆ ಗೊತ್ತೇ ನಿಮಗೆ? ಹುರಿದ ಪುಡಿಯ ಘಮವಲ್ಲ, ಅದನ್ನು ಎಲ್ಲರೂ ಬಲ್ಲರು. ಬೀಜ ಬಿಡಿಸಿದ ಮೇಲೆ ಉಳಿಯುವ ಒಣಸಿಪ್ಪೆಯ ವಾಸನೆ: ಸ್ವಲ್ಪ ಹುಳಿ, ಸ್ವಲ್ಪ ಧೂಳು, ಮೂಗಿನೊಳಗೆ ತುರಿಕೆ. ಮೊನ್ನೆ ಯಸಳೂರಿನಿಂದ ಬರುವಾಗ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಹೊಟ್ಟಿನ ಮೂಟೆ ತಂದಿಟ್ಟರು. ಸಕಲೇಶಪುರ ಬರುವವರೆಗೂ ಕಾಲು ಮುದುರಿಕೊಂಡೇ ಕೂತಿದ್ದೆ. ಅಂಥದ್ದೇ ಒಂದು ಮೂಟೆ ನಮ್ಮ ಎಸ್ಟೇಟಿನ ಸ್ಟೋರಿನ ತೊಲೆಗೆ ನೇತಾಡುತ್ತಿತ್ತು. ನನ್ನ ಚಿಕ್ಕಪ್ಪ ಲೋಕೇಶ ದಿನಾ ಮಧ್ಯಾಹ್ನ ಅದಕ್ಕೆ ಗುದ್ದುತ್ತಿದ್ದ. ಒಂದೊಂದು ಗುದ್ದಿಗೂ ಗೋಣಿಯ ಸಂದಿಯಿಂದ ಧೂಳೆದ್ದು, ಹೆಂಚಿನ ಸಂದಿಯಿಂದ ಇಳಿದ ಬಿಸಿಲಕೋಲಿನಲ್ಲಿ ಸುಮಾರು ಹೊತ್ತು ನಿಲ್ಲುತ್ತಿತ್ತು.

ಅಪ್ಪ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಕೂಲಿಯಾಳುಗಳ ಲೈನ್ ಮನೆಗಳಿಗಿಂತ ಸ್ವಲ್ಪ ಮೇಲಕ್ಕೆ ನಮ್ಮ ಕ್ವಾರ್ಟರ್ಸು. ಎರಡು ಕೋಣೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ ಮತ್ತು ನಾನು. ಈಗ ಆ ಜಾಗದಲ್ಲಿ ಹೋಮ್‌ಸ್ಟೇಗೆ ಬಂದವರ ಕಾರುಗಳು ನಿಲ್ಲುತ್ತವೆ, ಒಂದು ಇಟ್ಟಿಗೆಯೂ ಉಳಿದಿಲ್ಲ. ಚಿಕ್ಕಪ್ಪ ಮಿಲಿಟರಿಗೆ ಹೋಗಿ ಬಾಕ್ಸಿಂಗ್ ಕಲಿತವನು. ಐವತ್ತೊಂದು ಕೆಜಿಯ ವರ್ಗ. ಏಳೆಂಟು ವರ್ಷ ಹೊಡೆದು, ಹೊಡೆಸಿಕೊಂಡು, ಅವಧಿ ಮುಗಿಯುವ ಮೊದಲೇ ಮನೆಗೆ ಬಂದಿದ್ದ. ಯಾಕೆ ಬಂದ ಎಂದು ಮಕ್ಕಳಿಗೆ ಯಾರು ಹೇಳುತ್ತಾರೆ? ಅಪ್ಪ ಸಾಹುಕಾರರ ಹತ್ತಿರ ಮಾತಾಡಿ, ಸ್ಟೋರಿನಲ್ಲಿ ಕಾಫಿ ಮೂಟೆ ತೂಗುವ ಕೆಲಸ ಕೊಡಿಸಿದ್ದರು.

ಅವನ ಹತ್ತಿರ ಒಂದು ಹಳೇ ನೋಟ್‌ಬುಕ್ಕಿತ್ತು. ಪತ್ರಿಕೆಗಳಿಂದ ಕತ್ತರಿಸಿದ ಬಾಕ್ಸರುಗಳ ಚಿತ್ರಗಳನ್ನು ಅನ್ನದ ಅಗುಳಿನಲ್ಲಿ ಅಂಟಿಸಿದ್ದ. ಹೆಸರುಗಳು ನಾಲಿಗೆಗೆ ಸಿಗದವು, ಅದಕ್ಕೆ ಅವನೇ ಹೆಸರಿಟ್ಟಿದ್ದ: ಕಡ್ಡಿ, ಗುಬ್ಬಿ, ಬಂಡೆ, ಕೋಣ. ಕಡ್ಡಿಗೂ ಬಂಡೆಗೂ ಎಂದೂ ಕಾಳಗವಾಗಿರಲಿಲ್ಲ, ಆಗುವ ಹಾಗೂ ಇರಲಿಲ್ಲ. ಒಬ್ಬ ಐವತ್ತು ಕೆಜಿಯವನು, ಇನ್ನೊಬ್ಬ ಎಪ್ಪತ್ತರವನು. ನಮ್ಮ ಸ್ಟೋರಿನಲ್ಲಿ ಮಾತ್ರ ಆಗುತ್ತಿತ್ತು. ಟೀ ಹೊತ್ತಿಗೆ ಚಿಕ್ಕಪ್ಪ ಇಬ್ಬರ ಪರವಾಗಿಯೂ ಕುಣಿದು, ಬಗ್ಗಿ, ಗಾಳಿಗೆ ಗುದ್ದಿ ತೋರಿಸುತ್ತಿದ್ದ. ನಾನು ತೀರ್ಪುಗಾರ್ತಿ. ಒಂದೊಂದು ಸುತ್ತು ಮುಗಿದಾಗಲೂ ಗೆದ್ದವನ ಲೋಟಕ್ಕೆ ಒಂದು ಕಾಫಿಬೀಜ ಹಾಕಬೇಕು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಅವನು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ. ಹಾಗೆ ಅನ್ನುವಾಗ ಅವನ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಮೊದಮೊದಲು ನಾನು ನ್ಯಾಯವಾಗಿಯೇ ಬೀಜ ಹಾಕಿದೆ. ಒಂದು ದಿನ ಬಂಡೆಯನ್ನು ಗೆಲ್ಲಿಸಿದೆ. ಚಿಕ್ಕಪ್ಪ ಮಾತು ನಿಲ್ಲಿಸಿ ಗೋಡೆ ನೋಡುತ್ತಾ ಕೂತ. ಮೂಟೆ ತೂಗಿಸಲು ಬಂದವರು ಕರೆದರೂ ತಿರುಗಲಿಲ್ಲ, ರಾತ್ರಿ ಊಟಕ್ಕೂ ಏಳಲಿಲ್ಲ. ಮಾರನೇ ದಿನ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗಲ್ಲ ಹಿಡಿದು ಹೇಳಿದಳು: "ಏಟು ತಿಂದೂ ತಿಂದೂ ಅವ್ನ ತಲೆ ಸರಿ ಇಲ್ಲ ಕಣವ್ವ, ಮನಸು ನೋಯಿಸ್‌ಬ್ಯಾಡ ಅಂತ ಡಾಕ್ಟ್ರು ಹೇಳವ್ರೆ. ನಿಂಗೇನ್ ಗಂಟು ಹೋಯ್ತದೆ? ಚಿಕ್ಕೋನ್ನೇ ಗೆಲ್ಲಿಸು." ಅಂದಿನಿಂದ ಚಿಕ್ಕವನೇ ಗೆದ್ದ. ಅಮ್ಮನಿಗೂ ಇದು ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಅಪ್ಪ, ಇವತ್ತು ಯಾರಪ್ಪಾ ಗೆದ್ದೋರು ಎಂದು ತಾವಾಗಿಯೇ ಕೇಳಿ ಅವನನ್ನು ಖುಷಿಪಡಿಸುತ್ತಿದ್ದರು. ಮನೆಮಂದಿಯೆಲ್ಲ ಸೇರಿ ಆಡಿದ ಸುಳ್ಳು ಅದು, ಪ್ರೀತಿಯಿಂದಲೇ ಆಡಿದ್ದು. ಇವತ್ತಿಗೂ ನನಗೆ ಅವರೆಲ್ಲರ ಮೇಲೆ ಸಿಟ್ಟಿದೆ, ಹತ್ತು ವರ್ಷದ ಆ ಹುಡುಗಿಯ ಮೇಲೆ ಎಲ್ಲರಿಗಿಂತ ಹೆಚ್ಚು.

ಯಾಕೆಂದರೆ ಚಿಕ್ಕಪ್ಪನ ಎಡಗೈ ನಡುಗುವುದನ್ನು ನಾನು ನೋಡುತ್ತಿದ್ದೆ. ತೂಗಿದ ಮೂಟೆಯನ್ನೇ ಮತ್ತೆ ತೂಗುತ್ತಿದ್ದ. ಸ್ಟೋರಿನಿಂದ ಮನೆಗೆ ಕೂಗಳತೆಯ ದಾರಿ, ಒಮ್ಮೆ ಅದನ್ನೇ ತಪ್ಪಿ ಕೆರೆಯ ಕಡೆ ನಡೆದುಬಿಟ್ಟಿದ್ದ. ಅದಕ್ಕಿಂತ ಭಯವಾಗಿದ್ದು ಇನ್ನೊಂದು: ವಾರ ವಾರಕ್ಕೆ ಎದುರಾಳಿಯ ತೂಕ ಏರುತ್ತಿತ್ತು. ಎಪ್ಪತ್ತು ಕೆಜಿಯವನು ಸೋತರೆ ಎಂಬತ್ತರವನು, ಅವನೂ ಸೋತರೆ ನೂರರವನು. ಕೊನೆಕೊನೆಗೆ ಚಿಕ್ಕಪ್ಪ ಕಡ್ಡಿಯ ಹೆಸರನ್ನೇ ಬಿಟ್ಟುಬಿಟ್ಟ. ಆಗ ನಾನು ಹಿಂಗೆ ಬಗ್ಗಿದೆ, ಆಗ ನಾನು ಹಿಂಗೆ ಹೊಡೆದೆ ಅನ್ನತೊಡಗಿದ. ನಾನು ತುಟಿ ಪಿಟಕ್ಕೆನ್ನದೆ ಬೀಜ ಹಾಕುತ್ತಲೇ ಹೋದೆ.

ಆ ಸುಗ್ಗಿಗೆ ಮಗ್ಗೆ ಕಡೆಯಿಂದ ನಂಜುಂಡ ಎಂಬವನು ಮೂಟೆ ಹೊರಲು ಬಂದ. ಬಾಗಿಲಿಗೆ ಅಡ್ಡ ನಿಂತರೆ ಸ್ಟೋರು ಕತ್ತಲಾಗುವಂಥ ಆಳು, ಮಾತು ಮಾತ್ರ ಬಹಳ ಮೆತ್ತಗೆ. ಅಪ್ಪ ಊರಲ್ಲಿಲ್ಲದ ಒಂದು ಭಾನುವಾರ ಚಿಕ್ಕಪ್ಪ ಅವನನ್ನು ಕಾಫಿ ತೂಗುವ ಮಾಪಕದ ಮೇಲೆ ಹತ್ತಿಸಿದ. ತೊಂಬತ್ತಾರು. ಆಮೇಲೆ ತಾನು ಹತ್ತಿದ. ಐವತ್ತಮೂರು. ಬಾ ಕಣಕ್ಕೆ ಎಂದ. ಕಾಫಿ ಒಣಗಿಸುವ ಸಿಮೆಂಟಿನ ಕಣ ಅವತ್ತು ಖಾಲಿಯಿತ್ತು.

"ಬ್ಯಾಡ ಕಣಣ್ಣ, ಕೈ ತಾಗ್‌ಬುಟ್ರೆ ಕಷ್ಟ" ಅಂದ ನಂಜುಂಡ.

ಚಿಕ್ಕಪ್ಪ ನನ್ನ ಕಡೆ ಬೆರಳು ತೋರಿಸಿದ. "ಇವಳ್ನ ಕೇಳು. ಚಿಕ್ಕೋನು ಒಂದ್ ಸಲನಾದ್ರೂ ಸೋತವ್ನಾ?"

ಇಬ್ಬರೂ ನನ್ನ ಮುಖ ನೋಡಿದರು. ಬಂಡೆ ಗೆದ್ದ ಆ ಒಂದು ದಿನವನ್ನು ನುಂಗಿಕೊಂಡು ನಾನು ಇಲ್ಲ ಅಂದೆ.

ಚಿಕ್ಕಪ್ಪನ ಕಾಲುಗಳು ನೆಲ ಮುಟ್ಟಿದವೋ ಇಲ್ಲವೋ, ಅಷ್ಟು ಚೆಂದ ಆಡಿದ. ನಂಜುಂಡ ನಗುತ್ತಾ ಬರೀ ಕೈ ಅಡ್ಡ ಹಿಡಿಯುತ್ತಿದ್ದ. ಮೂರು ಪೆಟ್ಟು ಬಿದ್ದು ನಂಜುಂಡನ ತುಟಿ ಒಡೆಯಿತು. ನಾಲ್ಕನೆಯದು ಕಣ್ಣಿಗೆ ಬಿದ್ದಾಗ ಅವನು ನೋವಿನಿಂದ, ನೊಣ ಓಡಿಸುವವರ ಹಾಗೆ ತೋಳು ಬೀಸಿದ. ಅಷ್ಟೇ. ಚಿಕ್ಕಪ್ಪ ಹಿಂದಕ್ಕೆ ಹೋಗಿ ಬಿದ್ದ, ತಲೆ ಸಿಮೆಂಟಿಗೆ ಬಡಿಯಿತು. ಅವನನ್ನು ಎತ್ತಿಕೊಂಡು ರಸ್ತೆಯವರೆಗೂ ಓಡಿದವನು ನಂಜುಂಡನೇ. ಅಯ್ಯೋ ಶಿವನೇ ಎಂದು ಅವನು ಮಗುವಿನಂತೆ ಅಳುತ್ತಿದ್ದುದು ನನಗಿನ್ನೂ ಕೇಳಿಸುತ್ತದೆ.

ಹಾಸನದ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದು ಚಿಕ್ಕಪ್ಪ ಮನೆಗೆ ಬಂದ. ಮತ್ತೆ ಎದ್ದು ನಡೆಯಲಿಲ್ಲ. ಮುಂದಿನ ಕೋಣೆಯಲ್ಲಿ ಮಲಗಿದ್ದಲ್ಲೇ ಎರಡು ವರ್ಷ, ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ: ಯಾರು ಗೆದ್ದಿದ್ದು? ನೀನೇ ಕಣಪ್ಪ ಅನ್ನುತ್ತಿದ್ದಳು ಅಜ್ಜಿ. ನೀನೇ ಕಣೋ ಅನ್ನುತ್ತಿದ್ದರು ಅಪ್ಪ. ಪ್ರತಿ ಭಾನುವಾರ ಬಂದು ಬಾಗಿಲ ಬಳಿ ಕೂರುತ್ತಿದ್ದ ನಂಜುಂಡನೂ ತಲೆ ತಗ್ಗಿಸಿ, ನೀನೇ ಕಣಣ್ಣ ಅನ್ನುತ್ತಿದ್ದ. ಉತ್ತರ ಕೇಳಿದ ಮೇಲೆ ಚಿಕ್ಕಪ್ಪನ ಕಣ್ಣು ಇನ್ನಷ್ಟು ಗಾಬರಿಯಾಗುತ್ತಿತ್ತು. ಗೆದ್ದವನಿಗೆ ಯಾಕೆ ಏಳಲಾಗುತ್ತಿಲ್ಲ ಎಂದು ಹುಡುಕುವ ಹಾಗೆ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಒಂದು ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ತೋಟ ಹೂವಾಗಿತ್ತು, ಜೇನುಹುಳುಗಳ ಸದ್ದು ಒಳಗಿನವರೆಗೂ ಬರುತ್ತಿತ್ತು. ಗಂಜಿ ಕುಡಿಸುತ್ತಿದ್ದೆ. ಯಾರು ಗೆದ್ದಿದ್ದು ಪುಟ್ಟಿ, ಎಂದು ಕೇಳಿದ. ಚಮಚ ಬಟ್ಟಲಿಗಿಟ್ಟೆ.

"ನೀನು ಸೋತೆ ಚಿಕ್ಕಪ್ಪ" ಅಂದೆ. "ಅವ್ನು ನಿನಗಿಂತ ತುಂಬಾ ದೊಡ್ಡೋನು."

ಅವನ ಹಣೆಯ ಗೆರೆಗಳು ಒಂದೊಂದೇ ಸಡಿಲಾದವು. ಆಮೇಲೆ ನನ್ನ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡು, ಒಂದಿಷ್ಟೂ ಕೋಪವಿಲ್ಲದೆ ಕೇಳಿದ:

"ಇದ್ನ ಮೊದ್ಲೇ ಹೇಳ್‌ಬಾರ್ದಿತ್ತೇನೇ?"