ನೆಗಡಿಗೆ ಹೆದರುವ ವಾಲ್ವ್‌ಮನ್

ಬೆಳಗಿನ ಐದು ಗಂಟೆ. ಆರ್‌ಪಿಸಿ ಲೇಔಟಿನ ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ವಾಲ್ವ್‌ಮನ್ ಚಿಕ್ಕಮುನಿಯಪ್ಪನವರು ರಸ್ತೆಯ ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆ ಕೀಲಿ ಇಳಿಸಿ, ವಾಲ್ವನ್ನು ಎರಡೇ ಸುತ್ತು ತಿರುಗಿಸುತ್ತಾರೆ. ನಲ್ಲಿ ಗೊರಗೊರ ಎಂದು ನೀರು ಕಾರುತ್ತದೆ. ಅವರ ಹೆಂಡತಿ ಹನುಮಕ್ಕ ಅದನ್ನು ಬೊಗಸೆಯಲ್ಲಿ ಹಿಡಿದು ಮೂಸುತ್ತಾರೆ.

“ಏನೇ?” ಎನ್ನುತ್ತಾರೆ ಗಂಡ, ಕೀಲಿ ಬಿಡದೆ.

“ಬಿಡ್ಬೇಡಿ. ಮೋರಿ ವಾಸ್ನೆ.”

ವಾಲ್ವ್ ಮುಚ್ಚಿತು. ಸಾಲಿನಲ್ಲಿದ್ದವರು ಸುಮ್ಮನೆ ಬಿಟ್ಟಾರೆಯೇ? “ಮೂರು ದಿನಕ್ಕೊಂದ್ಸಲ ನೀರು, ಅದಕ್ಕೂ ಹೆಂಡ್ತಿ ಪರ್ಮಿಷನ್ನಾ?” ಎಂದು ಯಶೋದಮ್ಮ ಕೊಡ ಕುಕ್ಕುತ್ತಾರೆ. ಪತ್ರಿಕೆಗೆ ಬರೆಯಲು ಬಂದಿದ್ದ ನಾನೂ ಮೂಸಿದೆ. ಸಿಗರೇಟು ಸೇದಿ ಮಂಕಾದ ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ಹನುಮಕ್ಕನಿಗೆ ಭ್ರಮೆ ಎಂದೇ ಅಂದುಕೊಂಡೆ.

“ನಂಗೆ ನಿನ್ನೆಯಿಂದ ನೆಗಡಿ ಸಾರ್. ಇಂಥಾ ದಿನ ನನ್ ಮೂಗನ್ನ ನಾನೇ ನಂಬಲ್ಲ,” ಎನ್ನುತ್ತಾರೆ ಚಿಕ್ಕಮುನಿಯಪ್ಪ.

ನಾಯಂಡಹಳ್ಳಿಯಲ್ಲಿ ಹುಟ್ಟಿದ ಇವರಿಗೀಗ ನಲವತ್ತೊಂದು. ಚಿಕ್ಕಂದಿನಲ್ಲಿ ಬೆಲ್ಲ ಕಟ್ಟಿಕೊಟ್ಟ ಪೇಪರಿನಲ್ಲಿ ಚಿತ್ರಕಥೆ ಓದುವ ಹುಚ್ಚು. ಅದರಲ್ಲಿ ಮುಖವಾಡದ ವೀರನೊಬ್ಬ ಊರು ಕಾಯುತ್ತಿದ್ದ. ಇವರೂ ಮುಖಕ್ಕೆ ಟವೆಲ್ ಸುತ್ತಿಕೊಂಡು, ಊರ ಬಾವಿಗೆ ಕಸ ಹಾಕುವವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರಂತೆ! ಮುಂದೆ ನೀರಿನ ಕೆಲಸವೇ ಸಿಕ್ಕಿತು. “ಸಾವಿರದಿನ್ನೂರು ಮನೆಗೆ ನೀರು ಕೊಡೋನು ನಾನು ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ.”

ಆ ಹೆಮ್ಮೆ ಮುರಿದದ್ದು ಏಳು ವರ್ಷದ ಹಿಂದೆ, 1979ರಲ್ಲಿ, ಬೇರೊಂದು ಬಡಾವಣೆಯಲ್ಲಿ. ಪೈಪು ಬಿರಿದು ಮೋರಿ ನೀರು ಬೆರೆತಿತ್ತು. ಅಂದು ಇವರಿಗೆ ನೆಗಡಿ. ವಾಸನೆ ತಿಳಿಯದೆ ವಾಲ್ವ್ ಬಿಟ್ಟರು. ಮೂವತ್ತು ಮನೆಗಳಲ್ಲಿ ವಾಂತಿಭೇದಿ. ಐದು ವರ್ಷದ ಹೆಣ್ಣುಮಗು ಉಳಿಯಲಿಲ್ಲ.

“ಆ ಚಿತ್ರಕಥೆ ವೀರನಿಗೆ ಒಂದ್ಸಲಾನೂ ನೆಗಡಿ ಆಗ್ಲಿಲ್ಲ ನೋಡಿ,” ಎಂದವರು ನಗುವುದಿಲ್ಲ.

ಅಂದಿನಿಂದ ಬೇಸಿಗೆಯಲ್ಲೂ ಮಫ್ಲರ್. ಮಜ್ಜಿಗೆ ಮುಟ್ಟುವುದಿಲ್ಲ. ದಿನಕ್ಕೆ ಹದಿನೇಳು ವಾಲ್ವ್, ಸೈಕಲ್ಲಿನ ಮೇಲೆ ಹನ್ನೆರಡು ಮೈಲಿ, ಪ್ರತಿ ವಾಲ್ವಿನ ಹತ್ತಿರವೂ ನೀರು ಮೂಸಿಯೇ ಮುಂದೆ. ಸೀನು ಬಂತೆಂದರೆ ಹನುಮಕ್ಕ ಕ್ಯಾರಿಯರ್ ಮೇಲೆ ಹತ್ತಿ ಬರಬೇಕು. ಆಕೆಗೆ ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ.

“ಒಂದು ಸೀನಿಗೇ ಮೈಯೆಲ್ಲ ಬೆವರ್ತಾರೆ ಸಾರ್,” ಎನ್ನುತ್ತಾರೆ ಹನುಮಕ್ಕ. “ನಾನೇ ಗೊತ್ತಾಗ್ದೆ ಬಿಡಿ ಅಂದ್ಬಿಟ್ರೆ? ನಂಗೂ ಜೀವ ಹೊಡ್ಕೊಳ್ಳತ್ತೆ.”

ಹತ್ತು ಗಂಟೆಗೆ ಜಲಮಂಡಳಿಯ ಆಳುಗಳು ಬಂದು ಅಗೆದು ನೋಡಿದರೆ, ಮೋರಿ ಹಾಯುವ ಕಡೆ ಪೈಪು ಬೆರಳಗಲ ಬಿರಿದಿದೆ. ನನ್ನನ್ನು ಕೇಳಿದ್ದರೆ ಬಿಡಿ ಎಂದೇ ಹೇಳುತ್ತಿದ್ದೆ. ಯಶೋದಮ್ಮನಿಗೆ ತೋರಿಸೋಣವೆಂದರೆ, ಅವರು ಬೈದುಕೊಂಡು ಬೋರ್‌ವೆಲ್ ಕಡೆ ಹೋಗಿಯಾಗಿದೆ.

“ಅಷ್ಟು ಬೈಸಿಕೊಂಡಿರಲ್ಲ, ಬೇಜಾರಿಲ್ಲವೇ?” ಎಂದು ಚಿಕ್ಕಮುನಿಯಪ್ಪನವರನ್ನು ಕೇಳುತ್ತೇನೆ.

“ಬೈಲಿ ಸಾರ್. ನಾಳೆನೂ ಎಲ್ರೂ ಬಂದು ಬೈಲಿ. ಒಬ್ರೂ ಕಮ್ಮಿ ಆಗ್ಬಾರ್ದು, ಅಷ್ಟೇ.”