ಗಂಗಮ್ಮನ ಮುಗಿಯದ ಒಕ್ಕಣೆ

ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ ನಾನು ಕೊರಟಗೆರೆಯಲ್ಲಿ ರಸ್ತೆಗಳ ಉಸ್ತುವಾರಿ ಹೊತ್ತ ಇಂಜಿನಿಯರ್. ನನಗೆ ಗುಂಡಿಗಳಿಗಿಂತ ದೊಡ್ಡ ತಲೆನೋವು ಒಕ್ಕಣೆಯದು. ನಮ್ಮ ಕಡೆ ಸುಗ್ಗಿ ಬಂತೆಂದರೆ ರಾಗಿ, ಹುರುಳಿಯನ್ನೆಲ್ಲ ಡಾಂಬರಿನ ಮೇಲೆ ಹರಡಿ, ಕಾಳು ಉದುರಿಸುವ ಕೆಲಸವನ್ನು ಬಸ್ಸು ಲಾರಿಗಳಿಗೆ ವಹಿಸಿಬಿಡುತ್ತಾರೆ. ನಾನು ಕೂಗಾಡುವುದು, ಅವರು "ಆಯ್ತು ಸಾಮಿ" ಅನ್ನುವುದು, ನಾನು ಜೀಪು ಹತ್ತಿದ ಮೇಲೆ ಮತ್ತೆ ಹರಡುವುದು ವರ್ಷಾವರ್ಷ ನಡೆದೇ ಇತ್ತು.

ಆ ವರ್ಷ ತೋವಿನಕೆರೆ ದಾರಿಯ ಒಂದು ತಿರುವಿನಲ್ಲಿ ಕಡ್ಲೆಪುರಿ ಮಾರುವ ಸಿದ್ದಣ್ಣ ಸತ್ತ. ಸೈಕಲ್ಲಿನ ಎರಡೂ ಕಡೆ ಆಳೆತ್ತರದ ಪುರಿಮೂಟೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದವನು. ಗಾಳಿ ಬೀಸಿದರೆ ಪೆಡಲ್ ತುಳಿಯೋದೇ ಬೇಡ ಎಂದು ತಾನೇ ನಗುತ್ತಿದ್ದ. ನನ್ನನ್ನು ಕಂಡರೆ ಬೆಲ್ ಹೊಡೆದು, ಬೇಡವೆಂದರೂ ಜೇಬಿಗೆ ಪುರಿ ಸುರಿಯುತ್ತಿದ್ದ. ಎರಡು ಬಸ್ಸುಗಳು ಪೈಪೋಟಿಗೆ ಬಿದ್ದು ಬಂದವು, ಒಂದು ಅವನಿಗೆ ಹೊಡೆಯಿತು. ರಸ್ತೆಯ ತುಂಬ ಪುರಿ.

ಊರವರು ಹಂಪ್ ಕೇಳಿದರು. ನಾನು ಕಳಿಸಿದ ಫೈಲು ಮೇಲಿನ ಕಚೇರಿಯಿಂದ ವಾಪಸ್ ಬಂತು. ಆ ತಿರುವಿನಲ್ಲಿ ಸತ್ತವರು ಒಬ್ಬರೇ, ಸಂಖ್ಯೆ ಸಾಲದು ಎಂದಿತ್ತು.

ಬೇಸಿಗೆಯಲ್ಲಿ ಒಂದು ದಿನ ಫೋನ್ ಬಂತು, ಅದೇ ತಿರುವಿನಲ್ಲಿ ಒಕ್ಕಣೆಯಂತೆ. ಬೇಸಿಗೆಯಲ್ಲಿ ಎಂಥ ಒಕ್ಕಣೆ! ಸಿಟ್ಟಿನಿಂದಲೇ ಹೋದೆ. ಮೊಣಕಾಲುದ್ದ ರಾಗಿಹುಲ್ಲು, ಅದರ ಮೇಲೆ ಬಸ್ಸುಗಳು ಮದುವೆ ಮೆರವಣಿಗೆಯ ಹಾಗೆ ತೆವಳುತ್ತಿದ್ದವು. ಪಕ್ಕದಲ್ಲಿ ಸಿದ್ದಣ್ಣನ ಹೆಂಡತಿ ಗಂಗಮ್ಮ, ಗಂಡನ ಸೈಕಲ್ ಹಿಡಿದು ನಿಂತಿದ್ದಳು.

"ಇದರಲ್ಲಿ ಒಂದು ಕಾಳೂ ಇಲ್ಲವಲ್ಲಮ್ಮ!"

"ಅದ್ಕೇ ಸಾಮಿ, ಉದುರೋ ಗಂಟ ಒಕ್ತಾ ಇದೀವಿ."

ನಾನು ನಿಯಮ ಹೇಳಿದೆ. ಮಾತಿನ ಭರದಲ್ಲಿ ಸಂಖ್ಯೆ ಸಾಲದ ವಿಷಯವನ್ನೂ ಹೇಳಿಬಿಟ್ಟೆ.

"ಇನ್ನೆಷ್ಟು ಜನ ಬೇಕು, ಬರ್ದು ಕೊಡಿ. ಯಾರ್ನ ಕಳ್ಸಾದು ಅಂತ ಅರಳಿಕಟ್ಟೆ ತಾವ ಕುಂತು ತೀರ್ಮಾನ ಮಾಡ್ತೀವಿ. ಮೊದ್ಲು ನನ್ನ ಹೆಸ್ರೇ ಬರ್ಕಳಿ."

ಅದು ಬರೀ ಬಾಯಿಮಾತಲ್ಲ. ಪುರಿ ವ್ಯಾಪಾರ ಈಗ ಅವಳದು. ಸೈಕಲ್ ಕಲಿತು ಹದಿನೈದು ದಿನವಾಗಿತ್ತು. ಹತ್ತುವುದು ಗೊತ್ತು, ಬ್ರೇಕ್ ಹಿಡಿಯಲು ಬಾರದು. ನನ್ನೆದುರೇ ಹತ್ತಿ ಒಂದು ಸುತ್ತು ಹೋಗಿ ಬಂದವಳು ನೇರ ಹುಲ್ಲಿಗೆ ನುಗ್ಗಿ, ಮೂಟೆ ಸಮೇತ ಮಗುಚಿದಳು. ಎದ್ದು ಸೀರೆ ಕೊಡವಿ, "ಇಂಗೇ ನಿಲ್ಸಾದು" ಅಂದಳು. ಹುಲ್ಲು ತೆಗೆಸಿದರೆ ಮೇಲಿನವರ ಪಟ್ಟಿಗೆ ಎರಡನೆಯ ಹೆಸರು ಯಾರದೆಂದು ನನಗೆ ಅಲ್ಲೇ ಗೊತ್ತಾಯಿತು.

ಹುಲ್ಲು ತೆಗೆಸಲಿಲ್ಲ. "ಒಕ್ಕಣೆ ಪ್ರಗತಿಯಲ್ಲಿದೆ" ಎಂದು ವರದಿ ಬರೆದು, ಫೈಲನ್ನು ನಾನೇ ಹೊತ್ತು ಮೇಲಿನ ಕಚೇರಿಗೆ ಹೋದೆ. ಸತ್ತವರ ಸಂಖ್ಯೆಯ ಕಾಲಮ್ಮಿನಲ್ಲಿ "ಒಂದು" ಎಂದಿದ್ದ ಕಡೆ ಕೆಂಪು ಶಾಯಿಯಲ್ಲಿ "ಸಾಕು" ಎಂದು ಸೇರಿಸಿದ್ದೆ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಇದೇನ್ರೀ ಷರಾ?"

"ಅವನ ಪುರಿ ತಿಂದಿದ್ದೀನಿ ಸಾರ್" ಅಂದೆ. ಸಾಹೇಬರು ಪೆನ್ನು ತೆಗೆದು ಸಹಿ ಹಾಕಿದರು.

ಬಿಳಿ ಪಟ್ಟೆ, ಎಚ್ಚರಿಕೆ ಫಲಕದ ಸಮೇತ ಹಂಪ್ ಆಯಿತು. ಮೊದಲ ದಿನ ಗಂಗಮ್ಮ ಅದರ ಮೇಲೆ ಎಗರಿ ಇಳಿದಳು, ಅಷ್ಟೊತ್ತಿಗೆ ಬ್ರೇಕನ್ನೂ ಕಲಿತಿದ್ದಳು. ಅವಳ ಹಿಂದೆ ಬಸ್ಸು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಸತ್ತವರನ್ನು ಎಣಿಸಿ ರಸ್ತೆ ಸರಿಮಾಡುವುದಲ್ಲ, ಸೈಕಲ್ ತುಳಿದುಕೊಂಡು ಬರುತ್ತಿರುವವರನ್ನು ನೋಡಿ ಮಾಡಬೇಕು. ಇಷ್ಟು ಕಲಿಯಲು ನನಗೆ ಇಡೀ ಸರ್ವೀಸು ಬೇಕಾಯಿತು.

ಗಂಗಮ್ಮ ಬೆಲ್ ಹೊಡೆದು ನಿಲ್ಲಿಸಿ, ಜೇಬಿಗೆ ಪುರಿ ಸುರಿದಳು. ಆ ಸಲ ನಾನು ಬೇಡ ಎನ್ನಲಿಲ್ಲ.